ಮುಖಪರಿಚಯ ಉಂಟು, ಯಾರೆಂದು ಹೊಳೆಯುವುದಿಲ್ಲ

ಪ್ರಶ್ನೆ: ನನಗೆ 59 ವರ್ಷ. ಶಿವಮೊಗ್ಗದಲ್ಲಿ ಶಿಕ್ಷಕಿಯಾಗಿದ್ದೆ, ಕಳೆದ ವರ್ಷ ಸ್ವಯಂ ನಿವೃತ್ತಿ ಪಡೆದೆ. ಈಚೆಗೆ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಾಗ ಎದುರು ಪಂಕ್ತಿಯಿಂದ ಒಬ್ಬರು ಕೈಮುಗಿದು "ಚೆನ್ನಾಗಿದ್ದೀರಾ ಟೀಚರ್?" ಎಂದರು. ಮುಖ ಬಹಳ ಚೆನ್ನಾಗಿ ಗೊತ್ತು. ಆದರೆ ಯಾರು, ಎಲ್ಲಿಯವರು, ಒಂದೂ ಹೊಳೆಯಲಿಲ್ಲ. ಪಾಯಸ ಬಡಿಸುವ ತನಕ ಅದೇ ಯೋಚನೆ. ಮರುದಿನ ಬೆಳಿಗ್ಗೆ ಹಾಲಿನ ಬೂತಿಗೆ ಹೋದೆ, ಎದೆ ಧಸಕ್ಕೆಂದಿತು. ಕಿಂಡಿಯೊಳಗೆ ಕುಳಿತಿದ್ದವರು ಅವರೇ! ಆರು ವರ್ಷಗಳಿಂದ ದಿನವೂ ಕಾಣುವ ಮುಖ. ನನ್ನ ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಇದು ಅದರ ಮೊದಲ ಸೂಚನೆಯೇ? ಪರೀಕ್ಷೆ ಮಾಡಿಸಬೇಕೇ?

ಉತ್ತರ: ಹಾಲಿನ ಬೂತಿನ ಮಾತು ಬಂದ ಕೂಡಲೇ ನನಗೆ ನಗು ಬಂತು. ನಿಮ್ಮ ಆತಂಕಕ್ಕೆ ನಕ್ಕದ್ದಲ್ಲ, ತಪ್ಪು ತಿಳಿಯಬೇಡಿ. ಮನೋವಿಜ್ಞಾನ ಓದಿದವರ ಬಾಯಲ್ಲಿ ಸದಾ ಇರುವ ಒಂದು ಉದಾಹರಣೆಯನ್ನು ನೀವು ನಿಮಗೇ ತಿಳಿಯದೆ ಶಿವಮೊಗ್ಗಕ್ಕೆ ತಂದಿದ್ದೀರಿ. ಅರಿವಿನ ಮನೋವಿಜ್ಞಾನದಲ್ಲಿ ದೊಡ್ಡ ಹೆಸರಾದ ಜಾರ್ಜ್ ಮ್ಯಾಂಡ್ಲರ್ 1980ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅದು ಬರುತ್ತದೆ. ನೀವು ಬಸ್ಸಿನಲ್ಲಿ ಕುಳಿತಿದ್ದೀರಿ. ಎದುರಿಗೆ ಒಬ್ಬ ಮನುಷ್ಯ. ಇವನನ್ನು ನೋಡಿದ್ದೇನೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಯಾರಿವನು? ಕಚೇರಿಯವನೇ, ಟಿವಿಯಲ್ಲಿ ಬರುವವನೇ, ಯಾರ ಮನೆಯವನು? ತಡಕಾಡಿ ತಡಕಾಡಿ ಕೊನೆಗೆ ಹೊಳೆಯುತ್ತದೆ: ಅಂಗಡಿಯಲ್ಲಿ ಮಾಂಸ ಕತ್ತರಿಸಿ ಕೊಡುವವನು! ಮ್ಯಾಂಡ್ಲರ್ ಅವರ ಕಟುಕ ಬಸ್ಸು ಹತ್ತಿದ್ದ, ನಿಮ್ಮ ಹಾಲಿನವರು ಪಂಕ್ತಿಯಲ್ಲಿ ಕುಳಿತಿದ್ದರು. ವ್ಯತ್ಯಾಸ ಅಷ್ಟೇ.

ನೀವು ಬರೆದಿರುವಷ್ಟನ್ನು ನೋಡಿದರೆ ಇದು ಕಾಯಿಲೆಯ ಸೂಚನೆಯಲ್ಲ. ಯಾವಾಗ ವೈದ್ಯರ ಬಳಿಗೆ ಹೋಗಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಆ ಪಂಕ್ತಿಯಲ್ಲಿ ನಿಮ್ಮ ತಲೆಯೊಳಗೆ ನಡೆದದ್ದೇನು ಎಂಬುದನ್ನು ಬಿಡಿಸಿ ನೋಡೋಣ. ಹೆದರಿಕೆ "ಏನೂ ಇಲ್ಲ, ಸುಮ್ಮನಿರಿ" ಎಂಬ ಮಾತಿಗೆ ಹೋಗುವುದಿಲ್ಲ, ಕಾರಣ ತಿಳಿದರೆ ಹೋಗುತ್ತದೆ.

ಕನ್ನಡದಲ್ಲಿ ನಮಗೆ ಒಂದು ಒಳ್ಳೆಯ ಮಾತಿದೆ: ಮುಖಪರಿಚಯ. "ಅವರು ಗೊತ್ತೇ?" ಎಂದು ಯಾರಾದರೂ ಕೇಳಿದರೆ "ಮುಖಪರಿಚಯ ಉಂಟು" ಎನ್ನುತ್ತೇವೆ. ಮುಖವಷ್ಟೇ ಗೊತ್ತು, ಮನುಷ್ಯ ಗೊತ್ತಿಲ್ಲ ಎಂದು ಅದರ ಅರ್ಥ. ಮ್ಯಾಂಡ್ಲರ್ ಹೇಳಿದ್ದೂ ಇದನ್ನೇ, ಪ್ರಯೋಗಾಲಯದ ಭಾಷೆಯಲ್ಲಿ. ಗುರುತಿಸುವುದು ನಮಗೆ ಒಂದೇ ಕೆಲಸದಂತೆ ತೋರುತ್ತದೆ, ಆದರೆ ಅದು ಎರಡು ಕೆಲಸ. ಮೊದಲನೆಯದು "ನೋಡಿದ್ದೇನೆ" ಎನ್ನಿಸುವುದು. ಇದು ಕಣ್ಣು ಬಿದ್ದ ಕ್ಷಣದಲ್ಲಿ, ನಾವು ಕೇಳದೆಯೇ ಆಗಿಹೋಗುತ್ತದೆ. ಎರಡನೆಯದು ಯಾರು, ಎಲ್ಲಿ, ಯಾವಾಗ ಎಂದು ಹುಡುಕಿ ತರುವುದು. ಅದಕ್ಕೆ ಸಮಯ ಬೇಕು, ಹಿಡಿದೆಳೆಯಲು ಒಂದು ಎಳೆ ಬೇಕು. ಮೊದಲನೆಯದನ್ನು ಇಲ್ಲಿ ಪರಿಚಿತ ಭಾವ ಎನ್ನುತ್ತೇನೆ, ಎರಡನೆಯದನ್ನು ನೆನಪಿಸಿಕೊಳ್ಳುವುದು ಎನ್ನುತ್ತೇನೆ.

ಇವೆರಡು ಬೆಳೆಯುವ ಬಗೆಯೂ ಬೇರೆ ಎಂದರು ಮ್ಯಾಂಡ್ಲರ್. ಒಂದು ಮುಖವನ್ನು ಪದೇ ಪದೇ ನೋಡಿದರೆ ಆ ಮುಖದ ಅಚ್ಚು ತನ್ನೊಳಗೇ ಗಟ್ಟಿಯಾಗುತ್ತ ಹೋಗುತ್ತದೆ. ಪರಿಚಿತ ಭಾವಕ್ಕೆ ಅಷ್ಟು ಸಾಕು. ಆದರೆ ಯಾರೆಂದು ತಿಳಿಯಬೇಕಾದರೆ ಆ ಮುಖ ಬೇರೆ ಸಂಗತಿಗಳ ಜೊತೆ ಹೆಣೆದುಕೊಂಡಿರಬೇಕು: ಅವರ ಊರು, ಮನೆ, ಮಕ್ಕಳು, ಯಾವತ್ತೋ ಆಡಿದ ಜಗಳ. ಈಗ ನಿಮ್ಮ ಹಾಲಿನ ಬೂತನ್ನು ನೆನೆಯಿರಿ. ಆರು ವರ್ಷ, ದಿನಕ್ಕೆ ಕೆಲವು ಸೆಕೆಂಡು. ಕಿಂಡಿಯ ಚೌಕಟ್ಟಿನೊಳಗೆ ಒಂದು ಮುಖ, ಎರಡು ಪ್ಯಾಕೆಟ್ ಹಾಲು, ಚಿಲ್ಲರೆ, ಮುಗಿಯಿತು. ಮುಖದ ಅಚ್ಚು ಸಾವಿರಾರು ಸಲ ಒತ್ತಿ ಕಲ್ಲಿನಂತಾಗಿದೆ. ಹೆಣಿಗೆ ಮಾತ್ರ ಒಂದೇ ಎಳೆಯದು: ಆ ಕಿಂಡಿ. ಮದುವೆಮನೆಯಲ್ಲಿ ಕಿಂಡಿ ಇರಲಿಲ್ಲ, ಅವರ ಮೈಮೇಲೆ ಬಹುಶಃ ರೇಷ್ಮೆ ಪಂಚೆ, ಶಲ್ಯ ಇದ್ದವು. ಇದ್ದ ಒಂದೇ ಎಳೆ ಕೈಗೆ ಸಿಗಲಿಲ್ಲ. ಅದೇ ನೀವು ಮೂವತ್ತು ವರ್ಷದ ಹಿಂದೆ ಒಂದೇ ವರ್ಷ ಜೊತೆಗೆ ಪಾಠ ಮಾಡಿದ ಸಹೋದ್ಯೋಗಿಯನ್ನು ಅಲ್ಲಿ ಕಂಡಿದ್ದರೆ ಬಹುಶಃ ಕ್ಷಣದಲ್ಲಿ ಗುರುತಿಸುತ್ತಿದ್ದಿರಿ. ಎಷ್ಟು ಸಲ ನೋಡಿದ್ದೇವೆ ಎಂಬುದಕ್ಕಿಂತ ಎಷ್ಟು ಬಗೆಯಲ್ಲಿ ನೋಡಿದ್ದೇವೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಈ ಮ್ಯಾಂಡ್ಲರ್ ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಹುಟ್ಟಿದ್ದು 1924ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ. 1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ಹದಿಹರೆಯದ ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಅಮೆರಿಕಕ್ಕೆ. ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ಬೇಹುಗಾರಿಕೆ ವಿಭಾಗದಲ್ಲಿ ದುಡಿದರು. 1965ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ತೀರಿಕೊಂಡದ್ದು 2016ರಲ್ಲಿ. ಅವರ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಈ ಕಟುಕನ ಕಥೆಯಲ್ಲ, 1960ರ ದಶಕದ ಕಾರ್ಡುಗಳ ಪ್ರಯೋಗ. ಒಂದೊಂದು ಕಾರ್ಡಿನ ಮೇಲೆ ಒಂದೊಂದು ಪದ. ಜನರು ಅವನ್ನು ತಮಗೆ ತೋಚಿದಂತೆ ಎರಡರಿಂದ ಏಳು ಗುಂಪುಗಳಾಗಿ ವಿಂಗಡಿಸಬೇಕು. ಒಮ್ಮೆ ಮಾಡಿದ ವಿಂಗಡಣೆಯೇ ಮತ್ತೊಮ್ಮೆ ಬರುವ ತನಕ ಬಿಡುವಂತಿಲ್ಲ. ಆಮೇಲೆ ಕಾರ್ಡುಗಳನ್ನು ಎತ್ತಿಟ್ಟು ನೆನಪಿದ್ದ ಪದಗಳನ್ನು ಬರೆಯಿರಿ ಎಂದರು. ಹೆಚ್ಚು ಗುಂಪು ಮಾಡಿದವರಿಗೆ ಹೆಚ್ಚು ಪದ ನೆನಪಿದ್ದವು, ಗುಂಪಿಗೆ ಸುಮಾರು ಐದು ಪದಗಳ ಲೆಕ್ಕದಲ್ಲಿ. ಇನ್ನೂ ಸ್ವಾರಸ್ಯದ ಸಂಗತಿ: "ಬರೀ ವಿಂಗಡಿಸಿ" ಎಂದು ಮಾತ್ರ ಹೇಳಿಸಿಕೊಂಡವರು "ಬಾಯಿಪಾಠ ಮಾಡಿ" ಎಂದು ಹೇಳಿಸಿಕೊಂಡವರಿಗಿಂತ ಹಿಂದೆ ಬೀಳಲಿಲ್ಲ. ನೀವು ಶಿಕ್ಷಕಿ, ಇದರ ಬೆಲೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಣೆಯುವ ಕೆಲಸ ಮಾಡಿದರೆ ನೆನಪು ತಾನಾಗಿ ಬರುತ್ತದೆ; ಬರೀ ಉರು ಹೊಡೆದರೆ ಅಚ್ಚು ಮಾತ್ರ ಗಟ್ಟಿಯಾಗುತ್ತದೆ.

ಮದುವೆಮನೆಯಲ್ಲಿ ಕೈಕೊಟ್ಟ ಎಳೆ ಮರುದಿನ ಕಿಂಡಿಯ ಮುಂದೆ ತಟ್ಟನೆ ಸಿಕ್ಕಿತಲ್ಲ, ಅದಕ್ಕೂ ವಿವರಣೆ ಇದೆ. ಎಸ್ಟೋನಿಯಾದಲ್ಲಿ ಹುಟ್ಟಿ ಕೆನಡಾದ ಟೊರಾಂಟೊದಲ್ಲಿ ನೆಲೆಸಿದ ಎಂಡೆಲ್ ಟಲ್ವಿಂಗ್ ಮತ್ತು ಅವರ ಜೊತೆಗಾರ ಡೊನಾಲ್ಡ್ ಥಾಮ್ಸನ್ 1973ರಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. "ಅಂಟು" ಪದದ ಜೊತೆಯಲ್ಲಿ "ಕುರ್ಚಿ" ಎಂಬ ಪದವನ್ನು ಕಲಿಯಿರಿ ಎನ್ನುತ್ತಾರೆ ಎಂದುಕೊಳ್ಳಿ. ಸ್ವಲ್ಪ ಹೊತ್ತಾದ ಮೇಲೆ "ಮೇಜು" ಎಂದರೆ ನಿಮಗೆ ಏನೇನು ಹೊಳೆಯುತ್ತದೆ, ಬರೆಯಿರಿ ಎನ್ನುತ್ತಾರೆ. ನೀವು ಸಹಜವಾಗಿ "ಕುರ್ಚಿ" ಎಂದೂ ಬರೆಯುತ್ತೀರಿ. ಈಗ ಬರೆದವುಗಳಲ್ಲಿ ಆಗ ಕಲಿತ ಪದ ಯಾವುದು? ನಿಮ್ಮದೇ ಕೈಬರಹದಲ್ಲಿ "ಕುರ್ಚಿ" ಎದುರಿಗಿದ್ದರೂ ಎಷ್ಟೋ ಸಲ ಗುರುತು ಸಿಗುವುದಿಲ್ಲ. ಆದರೆ "ಅಂಟು" ಎಂಬ ಸುಳಿವು ಕೊಟ್ಟರೆ "ಕುರ್ಚಿ" ಎಂದು ಥಟ್ಟನೆ ಹೇಳುತ್ತೀರಿ! ಎದುರಿಗೆ ಇದ್ದಾಗ ಗುರುತಿಸಲಾಗದ್ದನ್ನು ಎದುರಿಗೆ ಇಲ್ಲದಾಗ ನೆನಪಿಸಿಕೊಳ್ಳಬಹುದು ಎಂದರೆ ಯಾರು ನಂಬುತ್ತಾರೆ? ನೆನಪು ಮನಸ್ಸಿಗೆ ಇಳಿಯುವ ಹೊತ್ತಿನಲ್ಲಿ ಜೊತೆಗಿದ್ದ ಸುಳಿವೇ ಅದನ್ನು ಮೇಲೆತ್ತಲು ಬೇಕು ಎಂಬುದು ಅವರ ತೀರ್ಮಾನ. ನಿಮ್ಮ ಪಾಲಿಗೆ ಆ ಕಿಂಡಿಯೇ "ಅಂಟು".

ಈ ಥಾಮ್ಸನ್ ಅವರ ಹೆಸರು ಬಂದಮೇಲೆ ಒಂದು ಪ್ರಸಂಗವನ್ನು ಹೇಳದಿರಲಾರೆ. ನನ್ನ ತರಗತಿಗಳಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು. ಥಾಮ್ಸನ್ ಆಸ್ಟ್ರೇಲಿಯಾದವರು. 1970ರ ದಶಕದಲ್ಲಿ ಒಂದು ದಿನ ಅವರನ್ನು ಅಲ್ಲಿನ ಪೊಲೀಸರು ಹಿಡಿದರು. ಒಬ್ಬ ಹೆಣ್ಣುಮಗಳ ಮೇಲೆ ಆಕೆಯ ಮನೆಯಲ್ಲಿಯೇ ಅತ್ಯಾಚಾರ ನಡೆದಿತ್ತು, ಇವರೇ ಅಪರಾಧಿ ಎಂದು ಆಕೆ ಗುರುತು ಹಿಡಿದಿದ್ದರು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕೃತ್ಯ ನಡೆದ ಹೊತ್ತಿನಲ್ಲಿ ಥಾಮ್ಸನ್ ಟಿವಿ ಸ್ಟುಡಿಯೋದಲ್ಲಿ ಕುಳಿತು ನೇರಪ್ರಸಾರದಲ್ಲಿ ಮಾತನಾಡುತ್ತಿದ್ದರು. ಮಾತಿನ ವಿಷಯ? ಕಣ್ಣಾರೆ ಕಂಡ ಸಾಕ್ಷಿಗಳ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು! ದಾಳಿಗೆ ಮುಂಚೆ ಆಕೆಯ ಮನೆಯ ಟಿವಿಯಲ್ಲಿ ಅದೇ ಕಾರ್ಯಕ್ರಮ ಬರುತ್ತಿತ್ತು. ಮುಖ ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ಕಂಡದ್ದು ಎಂಬುದು ಕಳಚಿ ಬೇರೆಡೆ ಅಂಟಿಕೊಂಡಿತು.

ನಿಮಗೆ ಆದದ್ದಕ್ಕೂ ಆಕೆಗೆ ಆದದ್ದಕ್ಕೂ ಬೇರು ಒಂದೇ. ನಿಮ್ಮಲ್ಲಿ ಪರಿಚಿತ ಭಾವ ಬಂದು ಎಲ್ಲಿ ಎಂಬ ಜಾಗ ಖಾಲಿ ಉಳಿಯಿತು, ಖಾಲಿ ಎಂಬುದು ನಿಮಗೆ ಗೊತ್ತೂ ಆಯಿತು. ಆಕೆಯಲ್ಲಿ ಆ ಜಾಗ ತಪ್ಪು ಉತ್ತರದಿಂದ ತುಂಬಿಕೊಂಡಿತು, ತುಂಬಿಕೊಂಡದ್ದು ಗೊತ್ತಾಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹೆದರಬೇಕಾದದ್ದು ಎರಡನೆಯದಕ್ಕೆ. "ಗೊತ್ತು, ಆದರೆ ಎಲ್ಲಿಯೋ ತಿಳಿಯದು" ಎಂದು ಒಪ್ಪಿಕೊಳ್ಳುವ ಮನಸ್ಸು ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಹೀಗೆ ತುಂಬಿಕೊಳ್ಳುವುದನ್ನು ಲ್ಯಾರಿ ಜಾಕೋಬಿ ಮತ್ತು ಸಂಗಡಿಗರು 1989ರಲ್ಲಿ ಬಹಳ ಚಂದವಾಗಿ ತೋರಿಸಿದರು. ಯಾರಿಗೂ ಗೊತ್ತಿಲ್ಲದ ಕೆಲವು ಹೆಸರುಗಳನ್ನು ಜನರಿಂದ ಓದಿಸಿದರು. ಅವುಗಳಲ್ಲಿ ಸೆಬಾಸ್ಟಿಯನ್ ವೈಸ್‌ಡಾರ್ಫ್ ಎಂಬುದೂ ಒಂದು. ಆಮೇಲೆ ನಿಜವಾಗಿ ಪ್ರಸಿದ್ಧರಾದವರ ಹೆಸರುಗಳ ನಡುವೆ ಇವನ್ನೂ ಬೆರೆಸಿ, ಪ್ರಸಿದ್ಧರು ಯಾರು ಎಂದು ಕೇಳಿದರು. ಮೊದಲು ಓದಿದ ಹೆಸರುಗಳಲ್ಲಿ ಒಂದೂ ಪ್ರಸಿದ್ಧರದಲ್ಲ ಎಂದು ತಿಳಿಸಿಯೂ ಇದ್ದರು. ಕೂಡಲೇ ಕೇಳಿದಾಗ ಜನ ಅಷ್ಟಾಗಿ ಮೋಸಹೋಗಲಿಲ್ಲ: ಇದು ಈಗಷ್ಟೇ ಓದಿದ ಹೆಸರು, ಬಿಡಿ. ಒಂದು ದಿನ ಕಳೆದು ಕೇಳಿದಾಗ ಹೆಸರು ಪರಿಚಿತ ಎನ್ನಿಸುತ್ತಿತ್ತು, ಎಲ್ಲಿ ಓದಿದ್ದು ಎಂಬುದು ಮಾಸಿತ್ತು. ಹಾಗಾಗಿ ವೈಸ್‌ಡಾರ್ಫ್ ಮಹಾಶಯರು ರಾತ್ರಿ ಬೆಳಗಾಗುವಷ್ಟರಲ್ಲಿ ಪ್ರಸಿದ್ಧರಾಗಿಬಿಟ್ಟರು. ಚುನಾವಣೆಯ ಕಾಲದಲ್ಲಿ ಗೋಡೆ ಗೋಡೆಯ ಮೇಲೆ ಹೆಸರು ಬರೆಸುವವರು ಈ ಪ್ರಬಂಧ ಓದಿಲ್ಲ, ಆದರೆ ಅದರ ಸಾರ ಅವರಿಗೆ ಗೊತ್ತು.

ನನಗೂ ಒಮ್ಮೆ ಪಾಠವಾಗಿದೆ. ಮೈಸೂರಿನ ರೈಲು ನಿಲ್ದಾಣದಲ್ಲಿ ಒಬ್ಬರನ್ನು ಕಂಡು ಸಂತೋಷದಿಂದ ಕೈ ಹಿಡಿದು "ಯಾವಾಗ ಬಂದಿರಿ? ಮನೆಯಲ್ಲಿ ಎಲ್ಲ ಸೌಖ್ಯವೇ?" ಎಂದು ಕೇಳಿದೆ. ಅವರು ಬಹಳ ಸೌಜನ್ಯದಿಂದ "ಎಲ್ಲ ಸೌಖ್ಯ, ತಾವು?" ಎಂದರು. ನಾಲ್ಕು ಹೆಜ್ಜೆ ಹೋದಮೇಲೆ ಹೊಳೆಯಿತು. ಅವರು ದಿನವೂ ನಮ್ಮ ಮನೆಯ ಟಿವಿಯಲ್ಲಿ ವಾರ್ತೆ ಓದುವವರು. ನೆನಪಿನ ಬಗ್ಗೆ ಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿಯೇ ನಡೆದದ್ದು ಇದು.

ಇಂಥ ಎಡವಟ್ಟುಗಳನ್ನು ಬ್ರಿಟನ್ನಿನ ಆಂಡ್ರ್ಯೂ ಯಂಗ್ ಮತ್ತು ಸಂಗಡಿಗರು ಲೆಕ್ಕವಿಟ್ಟೇ ನೋಡಿದರು. 1985ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 22 ಮಂದಿ ಹಲವು ವಾರಗಳ ಕಾಲ ದಿನಚರಿ ಬರೆದರು. ಯಾರನ್ನಾದರೂ ಗುರುತಿಸುವಾಗ ಎಡವಿದಾಗಲೆಲ್ಲ ಟಿಪ್ಪಣಿ. ನಿಮ್ಮದರಂಥ ಪ್ರಸಂಗಗಳು, ಅಂದರೆ ಮುಖ ಗೊತ್ತು, ಯಾರೆಂದು ತಿಳಿಯದು ಎಂಬಂಥವು, ಅದರಲ್ಲಿ ರಾಶಿ ರಾಶಿ ಇವೆ. ಕಂಡವರು ತಾವು ಇರುವ ಜಾಗ ಬಿಟ್ಟು ಬೇರೆಡೆ ಕಂಡಾಗಲೇ ಅವು ಹೆಚ್ಚು. ಯಾರೆಂದು ಗೊತ್ತು, ಏನು ಕೆಲಸ ಎಂದೂ ಗೊತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ ಎಂಬವೂ ಬಹಳ ಇವೆ. ಆದರೆ ಹೆಸರು ಹೊಳೆದು ಯಾರೆಂದು ಹೊಳೆಯದ ಪ್ರಸಂಗ ಒಂದೂ ಇಲ್ಲ. ಮುಖ, ಮನುಷ್ಯ, ಹೆಸರು ಎಂಬ ಈ ಸಾಲಿನಲ್ಲಿ ಹೆಸರು ಕಟ್ಟಕಡೆಯದು.

ಹೆಸರು ಏಕೆ ಅಷ್ಟು ಜಾರುತ್ತದೆ? ಮುಖಗಳ ಜೊತೆ ಹೆಸರನ್ನೂ ಕಸುಬನ್ನೂ ಕಲಿಸಿದರೆ ಕಸುಬು ನೆನಪಿರುತ್ತದೆ, ಹೆಸರು ಮರೆಯುತ್ತದೆ. ಪದ ಒಂದೇ ಆಗಿದ್ದರೂ ಹೀಗೆಯೇ ಎಂದು ಇಂಗ್ಲೆಂಡಿನಲ್ಲಿ 1987ರಲ್ಲಿ ತೋರಿಸಿದರು. ಅವರ ಪದಗಳು ಅವರಿಗಿರಲಿ, ನಮ್ಮಲ್ಲಿ ಬಡಿಗೇರ ಇದೆಯಲ್ಲ. "ಇವರು ಬಡಗಿ" ಎಂದರೆ ಉಳಿ, ಕೊಡತಿ, ಮರದ ಹೊಟ್ಟಿನ ವಾಸನೆ ಎಲ್ಲ ಒಟ್ಟಿಗೆ ಬರುತ್ತವೆ. "ಇವರ ಅಡ್ಡಹೆಸರು ಬಡಿಗೇರ" ಎಂದರೆ ಏನೂ ಬರುವುದಿಲ್ಲ, ಅವರು ಬ್ಯಾಂಕಿನ ಮ್ಯಾನೇಜರೂ ಆಗಿರಬಹುದು. ಕುಂಬಾರ, ಪೂಜಾರಿ, ಕುಲಕರ್ಣಿ, ಯಾವುದನ್ನಾದರೂ ಹೀಗೆ ನೋಡಿ. ಹೆಸರಾದ ಕೂಡಲೇ ಪದ ತನ್ನ ಎಳೆಗಳನ್ನೆಲ್ಲ ಕಳಚಿಕೊಂಡು ಒಂಟಿಯಾಗುತ್ತದೆ.

ಇದೆಲ್ಲ ಮನಸ್ಸಿನ ಮಾತಾಯಿತು, ಮಿದುಳಿನಲ್ಲಿ ಇದಕ್ಕೆ ನೆಲೆ ಇದೆಯೇ? ಇದೆ ಎಂದು ನಂಬಲು ಕಾರಣಗಳಿವೆ. ಕಿವಿಯ ಮೇಲ್ಭಾಗದ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಎಂಬ ಬಾಗಿದ ಭಾಗವಿದೆ. ಅದರ ಪಕ್ಕದ ಪದರಕ್ಕೆ ಪೆರಿರೈನಲ್ ಕಾರ್ಟೆಕ್ಸ್ ಎನ್ನುತ್ತಾರೆ. ಲಂಡನ್ನಿನ ಫರಾನೆ ವರ್ಗಾ-ಖದೆಮ್ ಅವರು 1997ರಲ್ಲಿ ವರ್ಣಿಸಿದ ಮೂವರು ಎಳೆಯರಿಗೆ ಬಾಲ್ಯದಲ್ಲಿಯೇ ಹಿಪೊಕ್ಯಾಂಪಸ್ ಹಾಳಾಗಿತ್ತು. ಬೆಳಿಗ್ಗೆ ಏನು ನಡೆಯಿತು ಎಂದು ಸಂಜೆ ಹೇಳಲಾರರು, ಆದರೆ ನೋಡಿದ್ದನ್ನು ಮತ್ತೆ ತೋರಿಸಿದರೆ ಗುರುತಿಸುವುದರಲ್ಲಿ ಅಷ್ಟೇನೂ ಹಿಂದಿರಲಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು 2007ರಲ್ಲಿ ಕೆನಡಾದಿಂದ ವರದಿಯಾಯಿತು. ಅಲ್ಲಿ ಒಬ್ಬ ರೋಗಿಗೆ ಶಸ್ತ್ರಚಿಕಿತ್ಸೆಯಲ್ಲಿ ಹಿಪೊಕ್ಯಾಂಪಸ್ ಉಳಿಸಿ ಅದರ ಮುಂದಿನ, ಪಕ್ಕದ ಭಾಗವನ್ನು ತೆಗೆದಿದ್ದರು. ನೆನಪಿಸಿಕೊಳ್ಳುವುದು ಚೆನ್ನಾಗಿತ್ತು, ಪರಿಚಿತ ಭಾವ ಮಾತ್ರ ಕುಂದಿತ್ತು. ಮ್ಯಾಂಡ್ಲರ್ ಕೂಡ ಪೀಟರ್ ಗ್ರಾಫ್ ಮತ್ತು ಲ್ಯಾರಿ ಸ್ಕ್ವೈರ್ ಜೊತೆ 1984ರಲ್ಲಿ ಮರೆವಿನ ರೋಗಿಗಳನ್ನು ಪರೀಕ್ಷಿಸಿದರು. ಮೊದಲೇ ಓದಿದ್ದ ಪದಗಳ ಆರಂಭದ ಮೂರು ಅಕ್ಷರ ಕೊಟ್ಟು "ಓದಿದ ಪದ ನೆನಪಿಸಿಕೊಳ್ಳಿ" ಎಂದರೆ ಆ ರೋಗಿಗಳು ಸೋಲುತ್ತಿದ್ದರು. ಅದೇ ಅಕ್ಷರಗಳನ್ನು ಕೊಟ್ಟು "ಮೊದಲು ಬಾಯಿಗೆ ಬಂದದ್ದನ್ನು ಹೇಳಿ" ಎಂದರೆ ಓದಿದ ಪದವೇ, ಆರೋಗ್ಯವಂತರಿಗೆ ಬರುವಷ್ಟೇ ಸಲೀಸಾಗಿ ಬರುತ್ತಿತ್ತು. ಒಳಗಿನ ಅಚ್ಚು ಹಾಗೆಯೇ ಇದೆ, ಒಡೆಯನಿಗೆ ಅದು ತಿಳಿದಿಲ್ಲ.

ಎಲ್ಲರೂ ಇದನ್ನು ಹೀಗೆಯೇ ಒಪ್ಪುತ್ತಾರೆ ಎಂದು ತಿಳಿಯಬೇಡಿ. ಮ್ಯಾಂಡ್ಲರ್ ಕಟ್ಟಿದ ಸ್ಯಾನ್ ಡಿಯಾಗೋ ವಿಭಾಗದಲ್ಲಿಯೇ ಇರುವ ಜಾನ್ ವಿಕ್ಸ್‌ಟೆಡ್ ಈ ಗೆರೆಯನ್ನು ಇಷ್ಟು ಸಲೀಸಾಗಿ ಎಳೆಯಬೇಡಿ ಎನ್ನುವವರಲ್ಲಿ ಮುಖ್ಯರು. "ನೆನಪಿದೆ" ಎನ್ನುವವರಿಗೂ "ಗೊತ್ತು ಅಷ್ಟೇ" ಎನ್ನುವವರಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಗಟ್ಟಿ ನೆನಪಿಗೂ ಬಡಕಲು ನೆನಪಿಗೂ ಇರುವ ವ್ಯತ್ಯಾಸವಷ್ಟೇ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ನಿಮ್ಮ ಪಂಕ್ತಿಯ ಪ್ರಸಂಗ ಆ ವಾದಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಎಂದು ನನಗನ್ನಿಸುತ್ತದೆ. ಆ ಮುಖ ನಿಮಗೆ ಬಡಕಲಾಗಿ ಗೊತ್ತಿರಲಿಲ್ಲ, ಪಕ್ಕಾ ಗೊತ್ತಿತ್ತು.

ಇನ್ನು ನಿಮ್ಮ ತಾಯಿಯವರ ಮಾತು. ವಯಸ್ಸಾದಂತೆ ನೆನಪಿಸಿಕೊಳ್ಳುವ ಕೆಲಸ ಎಲ್ಲರಲ್ಲಿಯೂ ನಿಧಾನವಾಗುತ್ತದೆ, ಪರಿಚಿತ ಭಾವ ಅಷ್ಟಾಗಿ ಸವೆಯುವುದಿಲ್ಲ. ಆದ್ದರಿಂದಲೇ ಐವತ್ತು ದಾಟಿದವರಿಗೆ "ಎಲ್ಲೋ ನೋಡಿದ ಹಾಗಿದೆ" ಹೆಚ್ಚು. ಮರೆವಿನ ಕಾಯಿಲೆಯ ಲಕ್ಷಣ ಬೇರೆ. ಕೇಳಿದ ಪ್ರಶ್ನೆಯನ್ನೇ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುವುದು, ದಿನವೂ ನಡೆಯುವ ದಾರಿಯಲ್ಲಿ ಮನೆ ತಪ್ಪುವುದು, ವರ್ಷಗಳಿಂದ ಮಾಡುತ್ತಿದ್ದ ಸಾರಿಗೆ ಮುಂದೇನು ಹಾಕಬೇಕೆಂದು ತೋಚದೆ ನಿಲ್ಲುವುದು, ಮೊನ್ನೆ ಮದುವೆಗೆ ಹೋಗಿದ್ದೆವಲ್ಲ ಎಂದು ನೆನಪಿಸಿದರೂ ಹೋದದ್ದೇ ನೆನಪಾಗದಿರುವುದು. ನೀವಾದರೋ ಎದುರು ಪಂಕ್ತಿ, ಕೈಮುಗಿದದ್ದು, ಆಡಿದ ಮಾತು, ಪಾಯಸ ಬಡಿಸಿದ ಹೊತ್ತು ಎಲ್ಲವನ್ನೂ ಬರೆದಿದ್ದೀರಿ. ಮೇಲಿನವುಗಳಲ್ಲಿ ಯಾವುದಾದರೂ ಕಂಡರೆ, ಅದರಲ್ಲಿಯೂ ನಿಮಗಿಂತ ಮೊದಲು ಮನೆಯವರ ಗಮನಕ್ಕೆ ಬಂದರೆ, ನರರೋಗ ತಜ್ಞರನ್ನು ಕಾಣಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಗಳಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಮನಸ್ಸಿನ ಸಮಾಧಾನಕ್ಕೆ ಆ ರಕ್ತಪರೀಕ್ಷೆಗಳನ್ನು ಈಗಲೇ ಮಾಡಿಸಿದರೂ ನಷ್ಟವೇನಿಲ್ಲ.

ಮತ್ತೊಮ್ಮೆ ಹೀಗಾದರೆ ಹೆಸರುಗಳ ಪಟ್ಟಿ ಜಪಿಸಬೇಡಿ, ಅದು ಸರಪಳಿಯ ಕೊನೆಯ ಕೊಂಡಿ. ಜಾಗಗಳನ್ನು ಒಂದೊಂದಾಗಿ ಕಣ್ಣಮುಂದೆ ತಂದುಕೊಳ್ಳಿ: ಶಾಲೆಯ ವರಾಂಡ, ಬ್ಯಾಂಕಿನ ಸಾಲು, ತರಕಾರಿ ಅಂಗಡಿ, ಹಾಲಿನ ಕಿಂಡಿ. ಆ ಮುಖವನ್ನು ಪ್ರತಿಯೊಂದರಲ್ಲಿಯೂ ಕೂರಿಸಿ ನೋಡಿ. ಅದೂ ಕೈಕೊಟ್ಟರೆ "ಮುಖ ಚೆನ್ನಾಗಿ ಗೊತ್ತು, ಎಲ್ಲಿ ಎಂದು ನೆನಪಾಗುತ್ತಿಲ್ಲ, ಹೇಳಿಬಿಡಿ" ಎಂದು ಕೇಳಿ. ನಮ್ಮ ಕಡೆ ಯಾರೂ ಇದಕ್ಕೆ ಮುನಿಸಿಕೊಳ್ಳುವುದಿಲ್ಲ, ನಕ್ಕು ಹೇಳುತ್ತಾರೆ.

ಒಂದು ಮಾತು ಉಳಿಯಿತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಅದರಲ್ಲಿ ಹಾಲಿನವರ ಹೆಸರು ಎಲ್ಲಿಯೂ ಇಲ್ಲ. ನೀವು ಟೀಚರ್ ಎಂಬುದು ಅವರಿಗೆ ಗೊತ್ತಿದೆ. ನಾಳೆ ಚಿಲ್ಲರೆ ತೆಗೆದುಕೊಳ್ಳುವಾಗ ಒಂದು ನಿಮಿಷ ನಿಂತು ಹೆಸರು ಕೇಳಿ, ಅಂದು ಮದುವೆಗೆ ಹೆಣ್ಣಿನ ಕಡೆಯವರಾಗಿ ಬಂದಿದ್ದರೋ ಗಂಡಿನ ಕಡೆಯವರಾಗಿಯೋ ಎಂದೂ ಕೇಳಿ.